ಘಟ್ಟದ ಮೇಲೋ, ಕೆಳಗೋ? ಉತ್ತರ ಕನ್ನಡದಲ್ಲಿ ನೆಲೆ ನಿಲ್ಲುವವರಿಗೆ

"ಊರ ಕಡೆ ಬಂದು ಇರೋಣ ಅಂತಿದೆ. ಕಾರವಾರ ಒಳ್ಳೆಯದಾ, ಶಿರಸಿ ಒಳ್ಳೆಯದಾ? ಕುಮಟಾ ಹೇಗೆ?"

ಹೀಗೆ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಕೆಲವರು ಇಲ್ಲಿಯವರೇ, ಓದಿಗೆ ಕೆಲಸಕ್ಕೆ ಅಂತ ಬೆಂಗಳೂರು ಸೇರಿದವರು. ಇನ್ನು ಕೆಲವರು ಡಿಸೆಂಬರಿನಲ್ಲಿ ಗೋಕರ್ಣಕ್ಕೋ ಯಾಣಕ್ಕೋ ಬಂದು ಹೋಗಿ, ಅಲ್ಲಿಂದ ಮನಸ್ಸು ಇಲ್ಲೇ ಬಿಟ್ಟವರು. ಡಿಸೆಂಬರಿನಲ್ಲಿ ನೋಡಿದರೆ ಇಡೀ ಜಿಲ್ಲೆ ಚೆಂದ. ಹೊಳೆಯಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ, ಸೆಕೆ ಇರುವುದಿಲ್ಲ. ಆಗ ಯಾವ ಊರು ನೋಡಿದರೂ ಅದೇ ಸರಿ ಅನ್ನಿಸುತ್ತದೆ. ಊರುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ಜುಲೈಯಲ್ಲಿ ಮತ್ತು ಏಪ್ರಿಲ್‌ನಲ್ಲಿ.

ನಾನು ಘಟ್ಟದ ಮೇಲೆ ಹುಟ್ಟಿದವನು, ಘಟ್ಟದ ಕೆಳಗೆ ಮನೆ ಮಾಡಿದವನು. ಎರಡೂ ಕಡೆಯವರಿಂದ ಬೈಸಿಕೊಳ್ಳುವ ಅಭ್ಯಾಸ ಇದೆ. ಹಾಗಾಗಿ ಧೈರ್ಯವಾಗಿ ಹೋಲಿಸುತ್ತೇನೆ.

ಜಿಲ್ಲೆ ದೊಡ್ಡದು, ಹತ್ತು ಸಾವಿರ ಚದರ ಕಿ.ಮೀ.ಗಿಂತ ಜಾಸ್ತಿ. ಜನ ಕಡಿಮೆ. 2011ರ ಜನಗಣತಿಯಲ್ಲಿ 14.37 ಲಕ್ಷ. ಕಾರಣ ಸರಳ: ನೂರಕ್ಕೆ ಸುಮಾರು ಎಂಬತ್ತು ಭಾಗ ಅರಣ್ಯ. ಮನೆ, ಗದ್ದೆ, ತೋಟ, ಪೇಟೆ, ಹೆದ್ದಾರಿ, ಬಂದರು ಎಲ್ಲವೂ ಉಳಿದ ಜಾಗದಲ್ಲಿ ಆಗಬೇಕು. ಇದು ತಲೆಯಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಏನು ನೋಡಿ ತೀರ್ಮಾನಿಸಬೇಕು

ನೋಟ ಚೆಂದ ಇದೆಯಾ ಅನ್ನುವುದನ್ನು ಪಟ್ಟಿಯಿಂದ ತೆಗೆದುಬಿಡಿ. ಎಲ್ಲ ಕಡೆ ಇದೆ. ನಾನು ಐದು ವಿಷಯ ನೋಡುತ್ತೇನೆ.

ಒಂದು, ದುಡಿಮೆ. ನಿಮ್ಮ ದುಡ್ಡು ಎಲ್ಲಿಂದ ಬರುತ್ತದೆ? ಮನೆಯಿಂದಲೇ ಬೆಂಗಳೂರಿನ ಕೆಲಸವೋ, ತೋಟವೋ, ಪಿಂಚಣಿಯೋ, ಹೊಸದಾಗಿ ಅಂಗಡಿ ಹಾಕುವುದೋ?

ಎರಡು, ಆಸ್ಪತ್ರೆ. ಇದು ಈ ಜಿಲ್ಲೆಯ ಹಳೆಯ ನೋವು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆದರೂ ಹೃದಯ, ಮೆದುಳು, ದೊಡ್ಡ ಅಪಘಾತ ಅಂದರೆ ಜನ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಮಗುಚಿತು. ಆಮೇಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಇಡೀ ಜಿಲ್ಲೆಯಲ್ಲಿ ಎದ್ದಿತು. ಹಾಗಾಗಿ ಊರು ಆರಿಸುವಾಗ ಕೇಳಿಕೊಳ್ಳಬೇಕಾದ್ದು: ಇಲ್ಲಿಂದ ಯಾವ ಊರಿನ ಆಸ್ಪತ್ರೆಗೆ ಹೋಗುತ್ತೇವೆ, ದಾರಿಯಲ್ಲಿ ಘಟ್ಟ ಸಿಗುತ್ತದಾ?

ಮೂರು, ಮಳೆಗಾಲದ ದಾರಿ. ಕರಾವಳಿಯಿಂದ ಮೇಲೆ ಹತ್ತುವ ದಾರಿಗಳು ಬೆರಳೆಣಿಕೆಯವು: ಅಣಶಿ, ಅರಬೈಲ್, ವಡ್ಡಿ, ದೇವಿಮನೆ, ದೊಡ್ಡಮನೆ, ಗೇರುಸೊಪ್ಪೆ. ಒಂದು ಕಡೆ ಗುಡ್ಡ ಜರಿದರೆ ಇನ್ನೊಂದು ಕಡೆಯಿಂದ ಸುತ್ತಬೇಕು.

ನಾಲ್ಕು, ಬೇಸಿಗೆಯ ನೀರು. ಮೂರು ಸಾವಿರ ಮಿ.ಮೀ. ಮಳೆ ಬೀಳುವ ಕಡೆ ನೀರಿನ ಚಿಂತೆ ಯಾಕೆ ಅಂತ ಹೊರಗಿನವರು ನಗುತ್ತಾರೆ. ಮಳೆಯೆಲ್ಲ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಮುಗಿಯುತ್ತದೆ. ನೆಲ ಚಿರೆಕಲ್ಲಿನದು, ಇಳಿಜಾರು. ನೀರು ನಿಲ್ಲುವುದಿಲ್ಲ, ಹೊಳೆ ಹಿಡಿದು ಸಮುದ್ರಕ್ಕೆ ಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಗುಡ್ಡದ ತಲೆಯ ಬಾವಿಯಲ್ಲಿ ಕೊಡಪಾನ ತಳಕ್ಕೆ ತಾಗುತ್ತದೆ. ಹೊಳೆ ಸಮುದ್ರ ಸೇರುವ ಕಡೆ ಇನ್ನೊಂದು ತೊಂದರೆ. ಬಾವಿ ತುಂಬಿರುತ್ತದೆ, ಆದರೆ ನೀರು ಉಪ್ಪು.

ಐದು, ಜಾಗದ ಕಾಗದ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಎಲ್ಲಕ್ಕಿಂತ ಜಾಸ್ತಿ ದುಡ್ಡು ಹಾಳಾಗುವುದು ಇಲ್ಲೇ.

2020ರ ಭೂಸುಧಾರಣೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ದಲ್ಲಾಳಿಗಳು ಇದನ್ನೇ ಹೇಳಿ ಕರೆತರುತ್ತಾರೆ. ಆದರೆ ಉತ್ತರ ಕನ್ನಡದಲ್ಲಿ ಕಣ್ಣಿಗೆ ಕಾಣುವ ಜಾಗವೆಲ್ಲ ಮಾರುವವನದ್ದಲ್ಲ. ಶಿರಸಿ, ಸಿದ್ದಾಪುರದಲ್ಲಿ "ಎರಡು ಎಕರೆ ತೋಟ, ಜೊತೆಗೆ ಹದಿನೆಂಟು ಎಕರೆ ಬೆಟ್ಟ" ಅಂತ ಹೇಳುವುದು ಕೇಳುತ್ತೀರಿ. ಈ ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ, ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣ ಎಲೆ) ತರಲು ಕೊಟ್ಟದ್ದು. ಜಾಗ ಸರ್ಕಾರದ್ದು. ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ರೆಸಾರ್ಟ್ ಅಂತೂ ಇಲ್ಲವೇ ಇಲ್ಲ. ಇಪ್ಪತ್ತು ಎಕರೆಯ ರೇಟು ಹೇಳಿದರೆ ನೀವು ಕೊಳ್ಳುತ್ತಿರುವುದು ಎರಡು ಎಕರೆ ಅಷ್ಟೇ.

ಇನ್ನೊಂದು ಅತಿಕ್ರಮಣ ಜಾಗ. ತಲೆಮಾರುಗಳಿಂದ ಅರಣ್ಯ ಭೂಮಿಯಲ್ಲಿ ಮನೆ, ಗದ್ದೆ ಮಾಡಿಕೊಂಡವರು ಜಿಲ್ಲೆಯಲ್ಲಿ ಬಹಳ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದವರಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಅದರಲ್ಲೇ ಅವರು ಹೈರಾಣಾಗಿದ್ದಾರೆ. ಹಕ್ಕು ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪಹಣಿ ನೋಡದೆ ಇಂಥ ಜಾಗಕ್ಕೆ ಮುಂಗಡ ಕೊಟ್ಟು ಒದ್ದಾಡುವವರಿದ್ದಾರೆ. ಕೊಂಡರೆ ಮಾಲ್ಕಿ ಜಾಗ, ಅಂದರೆ ಮಾರುವವನ ಸ್ವಂತ ಒಡೆತನದ್ದು, ಕೊಳ್ಳಿ. ಮನೆಗಾದರೆ ಬಿನ್‌ಶೇತ್ಕಿ (ಕೃಷಿಯೇತರ) ಆಗಿರುವುದೇ ಒಳ್ಳೆಯದು. ಸಮುದ್ರದ ಹತ್ತಿರವಾದರೆ ಭರತದ (ಸಮುದ್ರದ ಉಬ್ಬರದ) ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಹೊಳೆ, ಅಳಿವೆಯ ದಡಕ್ಕೂ ಬೇರೆ ಲೆಕ್ಕ ಇದೆ. "ಪಕ್ಕದವರು ಕಟ್ಟಿದ್ದಾರಲ್ಲ" ಅನ್ನುವುದು ಪರವಾನಗಿ ಅಲ್ಲ.

ಈಗ ಊರುಗಳಿಗೆ ಬರೋಣ. ಹನ್ನೆರಡು ತಾಲೂಕನ್ನು ನಾನು ನಾಲ್ಕು ಗುಂಪು ಮಾಡಿಕೊಳ್ಳುತ್ತೇನೆ.

ಕಾರವಾರ, ಅಂಕೋಲಾ

ಕಾರವಾರದ ಹತ್ತಿರ ಗುಡ್ಡ ಸಮುದ್ರದವರೆಗೂ ಬಂದು ನಿಂತಿದೆ. ಅದರಿಂದಲೇ ಆಳವಾದ, ಗಾಳಿಗೆ ಮರೆಯಾದ ಬಂದರು. ಅದರಿಂದಲೇ ನೌಕಾನೆಲೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರು ಮಾಡಿತು. ಅದಕ್ಕಾಗಿ ಊರು ಬಿಟ್ಟ ಕುಟುಂಬಗಳ ಪರಿಹಾರದ ಜಗಳ ಎಷ್ಟೋ ವರ್ಷ ನಡೆಯಿತು. ಒಳಗೆ, ಕಾಳಿ ನದಿಯ ದಂಡೆಯಲ್ಲಿ, ಕೈಗಾ ಅಣುಸ್ಥಾವರ. 220 ಮೆಗಾವಾಟಿನ ನಾಲ್ಕು ಘಟಕ ಇವೆ. ಜೊತೆಗೆ ಜಿಲ್ಲಾ ಕೇಂದ್ರದ ಕಚೇರಿಗಳು, ಬೈತಕೋಲದ ಮೀನುಗಾರಿಕೆ ಬಂದರು.

ಅಂದರೆ ಇಲ್ಲಿ ಸಂಬಳದ ದುಡ್ಡು ಓಡಾಡುತ್ತದೆ. ಅಂಗಡಿ, ಹೋಟೆಲು, ಕ್ಲಿನಿಕ್, ಟ್ಯೂಷನ್ ಯಾವುದಾದರೂ ಹಾಕುವವರಿಗೆ ಜಿಲ್ಲೆಯಲ್ಲಿ ಇದಕ್ಕಿಂತ ಭದ್ರವಾದ ಗಿರಾಕಿ ಬೇರೆ ಕಡೆ ಸಿಗುವುದು ಕಷ್ಟ. ಗೋವಾ ಪಕ್ಕದಲ್ಲೇ. ಮಡಗಾಂವಿಗೆ ಹೋಗಿ ಕೆಲಸ ಮಾಡಿ ಸಂಜೆ ವಾಪಸ್ ಬರುವವರಿದ್ದಾರೆ. ವಿಮಾನಕ್ಕೂ ದೊಡ್ಡ ಆಸ್ಪತ್ರೆಗೂ ಅದೇ ದಿಕ್ಕು. ಕೊಂಕಣ ರೈಲು ಇದೆ. ಕೊಂಕಣಿ ಬಂದರೆ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಸಲೀಸು, ಬರದಿದ್ದರೂ ನಡೆಯುತ್ತದೆ.

ಕೊರತೆಯೂ ಅದೇ ಗುಡ್ಡದಿಂದ. ಸಪಾಟು ಜಾಗ ಕಡಿಮೆ. ಇದ್ದ ಸಪಾಟಿನಲ್ಲಿ ನೌಕಾನೆಲೆ, ಹೆದ್ದಾರಿ, ರೈಲು, ಪೇಟೆ ಎಲ್ಲ ಸೇರಿವೆ. ಹಾಗಾಗಿ ಮನೆ ಜಾಗ ತುಟ್ಟಿ, ಬಾಡಿಗೆಯೂ ಜಾಸ್ತಿ. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನೇ ಕತ್ತರಿಸಬೇಕಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲಿದ್ದವರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಅದಾಗಿ ಮೂರು ವಾರಕ್ಕೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ಹಳೆಯ ಸೇತುವೆ ರಾತ್ರೋರಾತ್ರಿ ಕುಸಿಯಿತು. ಪಕ್ಕದ ಹೊಸ ಸೇತುವೆ ಇತ್ತು, ಗೋವಾ ಸಂಪರ್ಕ ಉಳಿಯಿತು. ಆದರೆ ಕಾರವಾರ ಎಷ್ಟು ತೆಳ್ಳಗಿನ ಪಟ್ಟಿಯ ಮೇಲೆ ನಿಂತಿದೆ ಅಂತ ಆಗ ಎಲ್ಲರಿಗೂ ಅರ್ಥವಾಯಿತು. ಮನೆ ನೋಡುವಾಗ ಹಿಂದಿನ ಗುಡ್ಡವನ್ನು ಯಾರಾದರೂ ಕತ್ತರಿಸಿದ್ದಾರಾ ನೋಡಿ. ಕಾಳಿ ದಂಡೆಯಲ್ಲಾದರೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಎಲ್ಲಿಯವರೆಗೆ ಬರುತ್ತದೆ ಅಂತ ಅಕ್ಕಪಕ್ಕದವರನ್ನು ಕೇಳಿ. 2019ರ ಆಗಸ್ಟಿನ ನೆರೆಯ ನೆನಪು ಅವರಿಗೆ ಚೆನ್ನಾಗಿಯೇ ಇರುತ್ತದೆ.

ಅಂಕೋಲಾ ಕಾರವಾರಕ್ಕಿಂತ ಸ್ವಲ್ಪ ಸಡಿಲ. ಜಾಗ ಸಿಗುತ್ತದೆ, ಹುಬ್ಬಳ್ಳಿ ರಸ್ತೆ ಇಲ್ಲಿಂದಲೇ ಅರಬೈಲ್ ಘಟ್ಟ ಹತ್ತುತ್ತದೆ. ಕರಿ ಇಶಾಡು ಮಾವಿನ ಹಣ್ಣು ಇಲ್ಲಿಯದು, 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಅಂಕೋಲಾದ ಮುಂದಿನ ರೂಪ ಯಾರಿಗೂ ಗೊತ್ತಿಲ್ಲ. ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು, ಹುಬ್ಬಳ್ಳಿ ರೈಲು, ಎಲ್ಲದರ ಸುದ್ದಿಯೂ ಇದೇ ತಾಲೂಕಿನ ಸುತ್ತ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು 1990ರ ದಶಕದಿಂದ ನಡೆಯುತ್ತಿದೆ. ಕೇಣಿ ಬಂದರಿಗೆ ಮೀನುಗಾರರ ವಿರೋಧ ಜೋರಾಗಿದೆ. "ರೈಲು ಬರುತ್ತದೆ, ಬಂದರು ಬರುತ್ತದೆ" ಅಂತ ರೇಟು ಏರಿಸಿ ಹೇಳುವವರಿಗೆ ನಕ್ಕು ಮುಂದೆ ಹೋಗಿ.

ಕುಮಟಾ, ಹೊನ್ನಾವರ, ಭಟ್ಕಳ

ಗೋಕರ್ಣ ದಾಟಿ ದಕ್ಷಿಣಕ್ಕೆ ಬಂದರೆ ಗುಡ್ಡ ಸ್ವಲ್ಪ ಹಿಂದೆ ಸರಿಯುತ್ತದೆ. ಅಘನಾಶಿನಿ, ಶರಾವತಿ ಎರಡೂ ಅಗಲವಾಗಿ ಹರಡಿ ಸಮುದ್ರ ಸೇರುತ್ತವೆ. ಗದ್ದೆ, ತೆಂಗು, ಅಡಿಕೆ, ಮೀನು ಎಲ್ಲಕ್ಕೂ ಜಾಗ ಇದೆ. ಒಂದೇ ದೊಡ್ಡ ದುಡಿಮೆಯ ಮೇಲೆ ನಿಂತ ಊರುಗಳಲ್ಲ ಇವು. ಅದೇ ಇವುಗಳ ಬಲ ಅಂತ ನನ್ನ ಲೆಕ್ಕ.

ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಹಾಗೇ ಹರಿದು ಬರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಮನೆಗಳು ಬಹಳ. ಮಾಣಿಕಟ್ಟೆ ಕಡೆಯ ಗಜನಿ (ಅಳಿವೆಯಂಚಿನ ತಗ್ಗು) ಗದ್ದೆಗಳಲ್ಲಿ ಉಪ್ಪುನೀರಿಗೂ ಬಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಬೆಳೆಯುತ್ತಿದ್ದರು ಅಂದರೂ ನಡೆದೀತು. ಒಡ್ಡು ಒಡೆದ ಕಡೆ ಎಷ್ಟೋ ಗಜನಿ ಸಿಗಡಿ ಹೊಂಡ ಆಗಿವೆ. ತದಡಿಯಲ್ಲಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದಿತ್ತು, ಜನ ತಡೆದರು. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಇಲ್ಲಿ ಹೊಳೆ ದಡದ ಜಾಗ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಕಟ್ಟಲು ನಿಯಮ ಬಹಳ.

ಕುಮಟಾ ನನ್ನ ಮಟ್ಟಿಗೆ ಜಿಲ್ಲೆಯ ನಡುಮನೆ. ರೈಲು ಇದೆ, ನಾಲ್ಕು ಪಥದ ಹೆದ್ದಾರಿ ಇದೆ. ಶಿರಸಿಗೆ ದೇವಿಮನೆ ಘಟ್ಟ ಹತ್ತಿದರೆ ಸುಮಾರು ಅರವತ್ತು ಕಿ.ಮೀ. ಶಾಲೆ ಕಾಲೇಜುಗಳಿಗೆ ಹಳೆಯ ಹೆಸರು. ಕಾರವಾರದಷ್ಟು ತುಟ್ಟಿ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ನೋಡಿರುತ್ತೀರಲ್ಲ, ಅದು ಅಳ್ವೆಕೋಡಿ, ಹಂದಿಗೋಣದ ಮರಳುನೆಲದ ಬೆಳೆ. ಸಣ್ಣ ಜಾಗದಲ್ಲಿ ಏನಾದರೂ ಬೆಳೆದು ನೇರ ಮಾರಬೇಕು ಅನ್ನುವವರಿಗೆ ಆ ರಸ್ತೆಬದಿಯೇ ಒಂದು ಪಾಠ.

ಹೊನ್ನಾವರ ಮಣಿಪಾಲಕ್ಕೆ ಇನ್ನಷ್ಟು ಹತ್ತಿರ. ಶರಾವತಿ ಕಣಿವೆಯ ಗೇರುಸೊಪ್ಪೆ ಕಡೆ ಅಡಿಕೆ, ತೆಂಗು, ಕಾಳುಮೆಣಸು ಚೆನ್ನಾಗಿ ಆಗುತ್ತದೆ. ಬೆಂಗಳೂರಿಗೆ ಜೋಗದ ಮೇಲಿನ ಹೆದ್ದಾರಿ ಇಲ್ಲಿಂದಲೇ. ಕಾಸರಕೋಡ ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕ ಮೇಲೆ ಪ್ರವಾಸಿಗರು ಜಾಸ್ತಿಯಾದರು. ಅದೇ ಕಾಸರಕೋಡದ ಟೊಂಕದಲ್ಲಿ ಖಾಸಗಿ ಬಂದರಿನ ಗಲಾಟೆ ವರ್ಷಗಟ್ಟಲೆ ನಡೆದಿದೆ, ಆ ಭಾಗದಲ್ಲಿ ಜಾಗ ನೋಡುವವರು ಮೊದಲು ಮೀನುಗಾರರ ಕೇರಿಯಲ್ಲಿ ಮಾತಾಡಿ ಬನ್ನಿ. ಭಟ್ಕಳ ಬೇರೆಯದೇ ಲೋಕ. ಗಲ್ಫ್ ದುಡ್ಡು, ಬಟ್ಟೆ ವ್ಯಾಪಾರ, ಮಲ್ಲಿಗೆ, ಪಕ್ಕದಲ್ಲಿ ಮುರ್ಡೇಶ್ವರದ ಪ್ರವಾಸಿಗರು. ವ್ಯಾಪಾರಸ್ಥರಿಗೆ ಒಳ್ಳೆಯ ಊರು. ಜಿಲ್ಲೆಯಲ್ಲಿ ಮಣಿಪಾಲಕ್ಕೆ ಎಲ್ಲರಿಗಿಂತ ಹತ್ತಿರ ಇರುವವರೂ ಇವರೇ.

ತೊಂದರೆ? ಸೆಕೆ. ಮಾರ್ಚಿನಿಂದ ಮೇವರೆಗೆ ಬೆವರು ಆರುವುದಿಲ್ಲ. ಶಿರಸಿಯಿಂದ ಇಳಿದು ಬಂದ ನೆಂಟರು ಎರಡು ದಿನಕ್ಕೇ ಗಂಟು ಕಟ್ಟುತ್ತಾರೆ. ಬಾವಿ ನೀರನ್ನು ಬೇಸಿಗೆಯಲ್ಲೇ ಕುಡಿದು ನೋಡಬೇಕು. ಮಳೆಗಾಲದಲ್ಲಿ ಉಪ್ಪಿನ ರುಚಿ ಗೊತ್ತಾಗುವುದಿಲ್ಲ. ಮೀನುಗಾರಿಕೆಗೆ ಸಂಬಂಧಪಟ್ಟ ಯಾವ ವ್ಯಾಪಾರ ಮಾಡಿದರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ 61 ದಿನ ದುಡ್ಡಿನ ಹರಿವು ನಿಲ್ಲುತ್ತದೆ. ಬಂಗಡೆ, ತಾರ್ಲೆ ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಕಾಣುವುದೇ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ

ಹೆಚ್ಚಿನವರ ಕನಸು ಇದೇ. ಅಂಗಳ, ತೋಟ, ಕೊಟ್ಟಿಗೆ, ಬಚ್ಚಲ ಒಲೆಯ ಹೊಗೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಮಳೆ ಸುಮಾರು 2500 ಮಿ.ಮೀ. ಸಿದ್ದಾಪುರದ ನಿಲ್ಕುಂದದಂಥ ಘಟ್ಟದ ಅಂಚಿನ ಊರುಗಳಲ್ಲಿ ಇದರ ಹತ್ತಿರಹತ್ತಿರ ಎರಡರಷ್ಟು. ಬನವಾಸಿ ಕಡೆ ಪೂರ್ವಕ್ಕೆ ಸರಿದರೆ ಮಳೆ ಬೇಗ ಇಳಿಯುತ್ತದೆ, ಅಲ್ಲಿ ಅನಾನಸು, ಶುಂಠಿ, ಭತ್ತ. ಅಕ್ಕಪಕ್ಕದ ತಾಲೂಕುಗಳೊಳಗೆ ಇಷ್ಟು ವ್ಯತ್ಯಾಸ. ಹಾಗಾಗಿ "ಶಿರಸಿ" ಅಂತ ಹೇಳಿದರೆ ಸಾಲದು, ಶಿರಸಿಯ ಯಾವ ದಿಕ್ಕು ಅಂತ ಹೇಳಬೇಕು.

ಇಲ್ಲಿನ ಹಣ ಅಡಿಕೆಯದು. ಎರಡು ಗುಡ್ಡದ ನಡುವಿನ ಕಣಿವೆ, ನಡುವೆ ಹಳ್ಳ, ತಂಪು, ನೆರಳು. ಅಡಿಕೆಗೆ ಬೇಕಾದ್ದೆಲ್ಲ ಅಲ್ಲಿದೆ, ಸಾಲಿನ ನಡುವೆ ಏಲಕ್ಕಿ, ಬಾಳೆ, ಮರಕ್ಕೆ ಕಾಳುಮೆಣಸಿನ ಬಳ್ಳಿ. ಬೆಳೆದದ್ದನ್ನು ಮಾರಲು ಸಹಕಾರಿ ವ್ಯವಸ್ಥೆ ಗಟ್ಟಿ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಇಲ್ಲಿಯದು. ವಕಾರಿಯಲ್ಲಿ (ಅಡಿಕೆ ಮಳಿಗೆಯಲ್ಲಿ) ರಾಶಿ, ಚಾಲಿ, ಬೆಟ್ಟೆ, ಕೋಕಾ ಅಂತ ವಿಂಗಡಿಸಿ ಟೆಂಡರಿನಲ್ಲಿ ಮಾರುತ್ತಾರೆ. ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಇಷ್ಟು ಕೇಳಿ ತೋಟ ಕೊಳ್ಳಲು ಹೊರಡಬೇಡಿ. ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಮಳೆಗೆ ಮೊದಲು ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆದರೂ ಜುಲೈಯಲ್ಲಿ ಬಿಡುವಿಲ್ಲದೆ ಸುರಿದರೆ ಎರಡನೇ ಸಲ ಹೊಡೆಯಲು ಆಗುವುದಿಲ್ಲ. ಕೊಳೆ ಬಂದರೆ ಹಸಿ ಕಾಯಿ ಮರದಡಿ ಉದುರಿ ಬೀಳುತ್ತದೆ. ಈಗ ಎಲೆಚುಕ್ಕಿ ರೋಗ ಬೇರೆ. ಮರ ಹತ್ತುವ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ದೋಟಿ (ಉದ್ದನೆಯ ಕೋಲು) ಹಿಡಿದು ನೆಲದಿಂದಲೇ ಮದ್ದು ಹೊಡೆಯುವ, ಅಡಿಕೆ ಗೊನೆ ಇಳಿಸುವ ಹುಡುಗರು ಸಿಕ್ಕರೆ ಪುಣ್ಯ. ಮಂಗನ ಕಾಟಕ್ಕೆ ಇನ್ನೂ ಯಾರೂ ಮದ್ದು ಕಂಡುಹಿಡಿದಿಲ್ಲ.

ದರದ ವಿಷಯವೂ ಇದೆ. ಈಗ ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರಿನ ಮೇಲೆ ಸಾವಿರಾರು ಎಕರೆ ಅಡಿಕೆ ಎದ್ದಿದೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವಿಂಗಡಿಸಿದೆ. ಬೆಳೆಗಾರರು ಅದನ್ನು ಒಪ್ಪುವುದಿಲ್ಲ. ಒಪ್ಪಲಿ ಬಿಡಲಿ, ಹೊಸದಾಗಿ ಇದರಲ್ಲಿ ದುಡ್ಡು ಹಾಕುವವರು ಇಪ್ಪತ್ತು ವರ್ಷ ಮುಂದಿನ ಲೆಕ್ಕ ಹಾಕಬೇಕು. ವೆನಿಲ್ಲಾ ಹುಚ್ಚು ನೋಡಿದವರು ನಾವು. ದರ ಏರಿದಾಗ ಎಲ್ಲರ ಅಂಗಳದಲ್ಲೂ ಬಳ್ಳಿ, ಇಳಿದಾಗ ಕೇಳುವವರಿಲ್ಲ. ಅಡಿಕೆ ಹಾಗಾಗಲಿಕ್ಕಿಲ್ಲ, ಆದರೆ ಅಡಿಕೆ ಒಂದನ್ನೇ ನಂಬಿ ಬರುವುದು ಬೇಡ ಅನ್ನುತ್ತೇನೆ.

ಆರೋಗ್ಯದ ಲೆಕ್ಕಕ್ಕೆ ಬಂದರೆ, ಶಿರಸಿ ಪೇಟೆಯಲ್ಲಿ ದಿನನಿತ್ಯಕ್ಕೆ ಸಾಕಾಗುವಷ್ಟು ಡಾಕ್ಟರುಗಳಿದ್ದಾರೆ. ದೊಡ್ಡದಕ್ಕೆ ಹುಬ್ಬಳ್ಳಿ, ಸುಮಾರು ನೂರು ಕಿ.ಮೀ. ಆ ದಾರಿಯಲ್ಲಿ ಘಟ್ಟ ಇಲ್ಲ, ಅದೊಂದು ಸಮಾಧಾನ. ಹಳ್ಳಿಯಲ್ಲಿದ್ದರೆ ಶಿರಸಿಗೆ ಬರುವುದೇ ಒಂದು ಕೆಲಸ. ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಭಯ ಇದೆ. ಉಣುಗಿನಿಂದ ಹರಡುವುದು. ಕಾಡಿಗೆ, ಬೆಟ್ಟಕ್ಕೆ ಹೋಗಿ ಬಂದರೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆ ಬದಲಾವಣೆ ಅನ್ನುವ ಶಿಸ್ತು ಇರಲೇಬೇಕು.

ರೈಲು ಇಲ್ಲ. ಸಿದ್ದಾಪುರದವರಿಗೆ ತಾಳಗುಪ್ಪ ಹತ್ತಿರ, ಉಳಿದವರಿಗೆ ಹುಬ್ಬಳ್ಳಿ, ಹಾವೇರಿ ಅಥವಾ ಕೆಳಗಿಳಿದು ಕುಮಟಾ. ಜಿಲ್ಲಾ ಕಚೇರಿ ಕೆಲಸಕ್ಕೆ ಕಾರವಾರಕ್ಕೆ ಹೋಗಿ ಬಂದರೆ ಒಂದು ದಿನ ಮುಗಿಯಿತು. ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕು ಅನ್ನುವ ಬೇಡಿಕೆ ಸುಮ್ನೆ ಹುಟ್ಟಿದ್ದಲ್ಲ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಕೇಳಬಾರದು. ಪೇಟೆಯಲ್ಲಿ ಇಂಟರ್ನೆಟ್ ಚೆನ್ನಾಗಿದೆ. ಹಳ್ಳಿಗಳಿಗೂ ಫೈಬರ್ ಬರುತ್ತಿದೆ, ಆದರೆ ಫೈಬರ್ ಬಂದ ಮನೆಯಿಂದ ಅರ್ಧ ಕಿ.ಮೀ. ಆಚೆಗೆ ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲದಿರಬಹುದು. ಮನೆಯಿಂದ ಕೆಲಸ ಮಾಡುವವರು ಇನ್ವರ್ಟರ್ ಜೊತೆಗೆ ಜನರೇಟರನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಯಲ್ಲಾಪುರ ಹುಬ್ಬಳ್ಳಿಗೆ ಹತ್ತಿರ, ಅಂಕೋಲಾಕ್ಕೂ ಅದೇ ಹೆದ್ದಾರಿ. ಶಿರಸಿಗಿಂತ ಪೇಟೆ ಸಣ್ಣದು. ಆದರೆ ಘಟ್ಟದ ಅಂಚಿನ ಕಡೆ ಹೋದ ಹಾಗೆ ಎಚ್ಚರ ಬೇಕು. 2021ರ ಜುಲೈಯಲ್ಲಿ ಕಳಚೆಯಲ್ಲಿ ತೋಟ, ಮನೆ, ರಸ್ತೆ ಸಮೇತ ಗುಡ್ಡ ಜಾರಿತು. ತಲೆತಲಾಂತರದಿಂದ ಇದ್ದ ಊರು ಅದು. ಹಳೆಯ ಊರು ಅಂದಮಾತ್ರಕ್ಕೆ ಭದ್ರ ಅಂತಲ್ಲ.

ಹಳಿಯಾಳ, ಮುಂಡಗೋಡ

ಉತ್ತರ ಕನ್ನಡ ಅಂದಾಗ ಯಾರಿಗೂ ನೆನಪಾಗದ ಭಾಗ ಇದು. ಘಟ್ಟ ದಾಟಿ ಬಂದ ಮೋಡದಲ್ಲಿ ಇಲ್ಲಿಗೆ ಉಳಿಯುವುದು ಸುಮಾರು 1200 ಮಿ.ಮೀ. ಆಸುಪಾಸಿನ ಮಳೆ. ನೆಲ ಸಪಾಟು. ಭತ್ತ, ಮೆಕ್ಕೆಜೋಳ, ಕಬ್ಬು, ಹತ್ತಿ. ಹಳಿಯಾಳದಿಂದ ಧಾರವಾಡ, ಮುಂಡಗೋಡದಿಂದ ಹುಬ್ಬಳ್ಳಿ ಒಂದು ಗಂಟೆಯ ಆಸುಪಾಸು. ಆಸ್ಪತ್ರೆ, ಕಾಲೇಜು, ವಿಮಾನ ಎಲ್ಲ ಆ ಕಡೆ, ನಡುವೆ ಗುಡ್ಡ ಜರಿಯುವ ಭಯ ಇಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿ 1960ರ ದಶಕದಿಂದ ಇದೆ, ಅದರಿಂದ ಪೇಟೆಗೆ ಒಳ್ಳೆಯ ವ್ಯಾಪಾರ.

ಟ್ರ್ಯಾಕ್ಟರ್ ಓಡಿಸಿ ನಿಜವಾಗಿ ಬೇಸಾಯ ಮಾಡುತ್ತೇನೆ, ಎಕರೆಗೆ ಕಡಿಮೆ ದುಡ್ಡಿನಲ್ಲಿ ಜಾಸ್ತಿ ಜಾಗ ಬೇಕು ಅನ್ನುವವರು ಇಲ್ಲೇ ನೋಡಬೇಕು. ಸಮುದ್ರ, ಮಂಜು, ಜಲಪಾತ ಬೇಕು ಅನ್ನುವವರಿಗೆ ಬೇಸರವಾದೀತು. ಮಳೆ ಕೈಕೊಟ್ಟ ವರ್ಷ ಬರವೂ ಬರುತ್ತದೆ.

ದಾಂಡೇಲಿ, ಜೋಯಿಡಾ ಬಗ್ಗೆ ಎರಡೇ ಮಾತು. ದಾಂಡೇಲಿ ಕಾಗದದ ಕಾರ್ಖಾನೆಯ ಊರು, ಈಗ ರಾಫ್ಟಿಂಗ್ ಊರೂ ಹೌದು. ಹೋಂಸ್ಟೇ ಮಾಡುವವರು ಅಲ್ಲಿ ಈಗಾಗಲೇ ಸಾಲುಗಟ್ಟಿದ್ದಾರೆ. ಜೋಯಿಡಾದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಸೂಪಾ ಹಿನ್ನೀರು, ಉಳಿದದ್ದರಲ್ಲಿ ಕುಣಬಿ ಸಮುದಾಯದ ಹಳ್ಳಿ. ಹೊರಗಿನಿಂದ ಬಂದು ಜಾಗ ಕೊಳ್ಳುವುದಕ್ಕಿಂತ, ಇರುವ ಹೋಂಸ್ಟೇಗೆ ದುಡ್ಡು ಕೊಟ್ಟು ಇದ್ದು ಬರುವುದು ಎಲ್ಲರಿಗೂ ಕ್ಷೇಮ.

ಯಾರಿಗೆ ಯಾವುದು

ವಯಸ್ಸಾದ ಅಪ್ಪ ಅಮ್ಮನ ಜೊತೆ ಇರಬೇಕು, ಕೆಲಸ ಲ್ಯಾಪ್‌ಟಾಪಿನಲ್ಲಿ, ಬಜೆಟ್ ಮಧ್ಯಮ: ಕುಮಟಾ ಅಥವಾ ಹೊನ್ನಾವರ ಪೇಟೆಯ ಒಂದೆರಡು ಕಿ.ಮೀ. ಒಳಗೆ. ಸೆಕೆಗೆ ಏಸಿ ಹಾಕಿಸಬಹುದು, ಮಣಿಪಾಲವನ್ನು ಹತ್ತಿರ ತರಲು ಆಗುವುದಿಲ್ಲ.

ಸಂಬಳದ ಕೆಲಸ ಅಥವಾ ವರ್ಷವಿಡೀ ಗಿರಾಕಿ ಬೇಕು: ಕಾರವಾರ. ಮನೆ ಕೊಳ್ಳಲು ಆತುರ ಬೇಡ, ಬಾಡಿಗೆಗೆ ಇರಿ.

ಶಿರಸಿ ಕಡೆ ಹಿರಿಯರ ತೋಟ ಇದೆ, ಪಾಲು ಬಂದಿದೆ: ಖಂಡಿತ ಬನ್ನಿ. ಅಡಿಕೆಯ ಜೊತೆ ಇನ್ನೊಂದು ಆದಾಯ ಇರಲಿ. ತೋಟ ಇಲ್ಲದೆ, ಸಾಲ ಮಾಡಿ ಹೊಸ ತೋಟ ಕೊಂಡು ಅದರ ಹುಟ್ಟುವಳಿಯಿಂದ ಕಂತು ಕಟ್ಟುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು. ಹವೆ ಮಾತ್ರ ಬೇಕಾಗಿದ್ದರೆ ಶಿರಸಿ ಪೇಟೆಯಲ್ಲೇ ಬಿನ್‌ಶೇತ್ಕಿ ಪ್ಲಾಟಿನ ಮನೆ ಸಾಕು. ಹಳ್ಳಿಯ ತಂಪು ಅಲ್ಲೂ ಇದೆ, ಡಾಕ್ಟರೂ ಇದ್ದಾರೆ.

ಕೈಯಲ್ಲಿ ದುಡ್ಡು ಕಡಿಮೆ, ದುಡಿಯುವ ಶಕ್ತಿ ಜಾಸ್ತಿ: ಮುಂಡಗೋಡ, ಹಳಿಯಾಳ. ಬನವಾಸಿ ಕಡೆಯೂ ನೋಡಬಹುದು, ಆದರೆ ಶುಂಠಿಗೆ ಗುತ್ತಿಗೆ ಕೊಟ್ಟು ಸುಸ್ತಾದ ನೆಲವೋ ಅಂತ ವಿಚಾರಿಸಿ.

ಕೆಲವರು ನಡುದಾರಿ ಹಿಡಿದಿದ್ದಾರೆ. ತೋಟ ಮೇಲೆ, ಮನೆ ಕೆಳಗೆ. ಮಕ್ಕಳು ಕುಮಟಾದಲ್ಲಿ ಓದುತ್ತಾರೆ, ಅಪ್ಪ ವಾರಕ್ಕೆರಡು ಸಲ ಘಟ್ಟ ಹತ್ತುತ್ತಾನೆ. ಎಂಟು ತಿಂಗಳು ಇದು ಸಲೀಸು. ಮಳೆಗಾಲದಲ್ಲಿ ದೇವಿಮನೆ ರಸ್ತೆ ಕಾಮಗಾರಿಗೋ ಗುಡ್ಡ ಜರಿದೋ ಬಂದ್ ಆದರೆ ಸುತ್ತು ದಾರಿ, ಅದೂ ಕೊಳೆಮದ್ದು ಹೊಡೆಯುವ ಹೊತ್ತಿಗೇ. ತೋಟದ ಹತ್ತಿರ ನಂಬುವ ಒಬ್ಬರು ಇದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಯಾವ ಊರು ಆರಿಸಿದರೂ ಮೊದಲ ಮಳೆಗಾಲ ಬಾಡಿಗೆ ಮನೆಯಲ್ಲಿ ಕಳೆಯಿರಿ. ಜೂನ್‌ನಲ್ಲಿ ಬಂದು ಸೆಪ್ಟೆಂಬರ್ ದಾಟಿಸಿ. ಜಾಗ ನೋಡುವುದಾದರೆ ಎರಡು ಸಲ ನೋಡಿ. ಜುಲೈಯಲ್ಲಿ ನೀರು ಎಲ್ಲಿಂದ ಹರಿದು ಎಲ್ಲಿಗೆ ಹೋಗುತ್ತದೆ ಅಂತ, ಏಪ್ರಿಲ್ ಕೊನೆಗೆ ಬಾವಿಯಲ್ಲಿ ಎಷ್ಟು ಉಳಿದಿದೆ ಅಂತ. ಈ ಎರಡು ಭೇಟಿಯ ನಡುವೆ ಪಹಣಿ, ಸರ್ವೆ ನಕ್ಷೆ, ಋಣಭಾರ ಪತ್ರ ತೆಗೆಸಿ ಇಲ್ಲಿಯ ವಕೀಲರಿಗೇ ತೋರಿಸಿ. ಬೆಂಗಳೂರಿನ ವಕೀಲರಿಗೆ ಬೆಟ್ಟ, ಅತಿಕ್ರಮಣದ ಗೊಂದಲ ಬೇಗ ತಲೆಗೆ ಹೋಗುವುದಿಲ್ಲ. ಅಷ್ಟರಲ್ಲಿ ಮಾರುವವರು "ಬೇರೆ ಪಾರ್ಟಿ ಬಂದಿದ್ದಾರೆ" ಅಂತ ಅವಸರ ಮಾಡಿದರೆ, ಆ ಪಾರ್ಟಿಗೇ ಕೊಡಲಿ ಬಿಡಿ.